ಡೊಂಬಿವಲಿಯಲ್ಲಿ ಬಿಸಿನೀರು

ಸಾಗರದ ಕಡೆಯ ನಮ್ಮ ಮನೆಯಲ್ಲಿ ಬಿಸಿನೀರಿಗೆ ಯಾರೂ ಲೆಕ್ಕ ಇಡುತ್ತಿರಲಿಲ್ಲ. ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆ, ಕೆಳಗೆ ಅಡಿಕೆ ಸಿಪ್ಪೆ, ಸೋಗೆ. ಖರ್ಚು ಸೊನ್ನೆ. 1983ರಲ್ಲಿ ಬ್ಯಾಂಕಿನ ನೌಕರಿ ಹಿಡಿದು ಡೊಂಬಿವಲಿಯ ಚಾಳಿನ ಒಂದು ಖೋಲಿಗೆ ಬಂದ ಮೇಲೆಯೇ ಒಂದು ಬಕೆಟ್ ಬಿಸಿನೀರಿಗೂ ಬೆಲೆಯಿದೆ ಅಂತ ಗೊತ್ತಾದದ್ದು.

ಖೋಲಿಯ ಮೂಲೆಯ ಮೋರಿಯೇ ನಮ್ಮ ಬಚ್ಚಲು. ನೀರು ಕಾಯುತ್ತಿದ್ದುದು ರೇಷನ್ ಸೀಮೆಎಣ್ಣೆಯ ಬತ್ತಿ ಸ್ಟೌ ಮೇಲೆ. ಪಕ್ಕದ ಮರಾಠಿ ಮನೆಯಲ್ಲಿ ತಾಮ್ರದ ಬಂಬ ಇತ್ತು. ನಡುವಿನ ಕೊಳವೆಯಲ್ಲಿ ಇದ್ದಿಲು ಉರಿಸಿದರೆ ಸುತ್ತಲಿನ ನೀರು ಕಾಯುತ್ತಿತ್ತು. ವಿದ್ಯುತ್ತೇನೂ ಈ ಊರಿಗೆ ಹೊಸದಲ್ಲ. ಮುಂಬಯಿಯಲ್ಲಿ ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರವರಿ 3ರಂದು. ರೈಲಿಗೆ ಕರೆಂಟು ಕೊಡಲೆಂದು ಪಕ್ಕದ ಠಾಕುರ್ಲಿಯಲ್ಲಿ ಚೋಳಾ ಪವರ್ ಹೌಸ್ 1929ರಲ್ಲೇ ಎದ್ದಿತ್ತು. ಆದರೆ ನಮ್ಮಂಥವರ ಬಕೆಟ್ಟಿಗೆ ಅದು ಇಳಿದದ್ದು ಬಹಳ ತಡವಾಗಿ, ಇಮ್ಮರ್ಶನ್ ರಾಡಿನ ರೂಪದಲ್ಲಿ.

1987ರ ದೀಪಾವಳಿಗೆ ಅಮ್ಮ ಬಂದಿದ್ದಳು. ನೀರು ತುಂಬುವ ಹಬ್ಬದ ಸಂಜೆ ಹಂಡೆ ಇಲ್ಲವಲ್ಲ ಎಂದು ಸ್ಟೀಲ್ ಬಕೆಟ್ಟನ್ನೇ ಹುಣಸೆಹಣ್ಣು ಹಾಕಿ ತಿಕ್ಕಿ, ಹಿಂಡ್ಲೆಕಾಯಿ ಬಳ್ಳಿ ಸಿಗದೆ ಗೊಂಡೆಹೂವಿನ ಮಾಲೆ ಸುತ್ತಿದಳು. ಬೆಳಗಿನ ಜಾವ ನಾನು ರಾಡ್ ಹಾಕಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಕಾದಿದೆಯೋ ನೋಡೋಣವೆಂದು ಅಮ್ಮ ನೀರಿಗೆ ಕೈ ಇಟ್ಟಳು. ಒಂದೇ ಏಟಿಗೆ ಹಿಂದಕ್ಕೆ ಬಿದ್ದಳು. ಪುಣ್ಯಕ್ಕೆ ಜೀವ ಉಳಿಯಿತು. ಅಗ್ಗದ ರಾಡು ತಂದು, ಅರ್ಥಿಂಗ್ ಇಲ್ಲದ ಪಾಯಿಂಟಿಗೆ ಎರಡು ಪಿನ್ನಿನ ಪ್ಲಗ್ ಹಾಕಿದವನು ನಾನೇ. ಅಮ್ಮ ಬೈಯಲಿಲ್ಲ. "ನಮ್ಮೂರ ಬೆಂಕಿ ಕಣ್ಣಿಗಾದರೂ ಕಾಣತ್ತೆ ಮಗಾ, ನಿಮ್ಮೂರದ್ದು ಕಾಣೋದೇ ಇಲ್ಲ" ಅಂದಳು.

ಆಮೇಲೆ ಬ್ಯಾಂಕಿನವನ ಬುದ್ಧಿಯಿಂದ ಲೆಕ್ಕ ಹಾಕಿದೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 45ಕ್ಕೆ ಏರಿಸಲು ಸುಮಾರು 0.35 ಯೂನಿಟ್ ಬೇಕು. ಯಾವ ಉಪಕರಣವಾದರೂ ಇಷ್ಟು ಬೇಕೇ ಬೇಕು. 1,500 ವ್ಯಾಟಿನ ರಾಡಿಗೆ 14 ನಿಮಿಷ, 3,000 ವ್ಯಾಟಿನ ಇನ್‌ಸ್ಟಂಟ್ ಗೀಸರಿಗೆ 7 ನಿಮಿಷ. ಸ್ಟೋರೇಜ್ ಗೀಸರನ್ನು ದಿನವಿಡೀ ಹಾಕಿಟ್ಟರೆ ಮಾತ್ರ ಕಾದ ನೀರು ಸುಮ್ಮನೆ ಆರುತ್ತಾ ಕರೆಂಟು ತಿನ್ನುತ್ತದೆ. ಹಾಗಾಗಿ ಉಳಿತಾಯ ಇರುವುದು ಸ್ವಿಚ್ಚು ಆರಿಸುವ ಅಭ್ಯಾಸದಲ್ಲಿ. ಇನ್ನೊಂದು ಮಾತು: 3,000 ವ್ಯಾಟ್ ಎಂದರೆ 13 ಆಂಪಿಯರ್. ಹಳೆ ಕಟ್ಟಡಗಳ 5 ಆಂಪಿಯರ್ ಪಾಯಿಂಟು ಅದನ್ನು ತಾಳದು. ಬೇರೆ ಲೈನು, ಅರ್ಥಿಂಗು, ಸೋರಿಕೆ ಕಂಡೊಡನೆ ಕಡಿಯುವ ಬ್ರೇಕರು, ಇವುಗಳ ಖರ್ಚನ್ನೂ ಗೀಸರಿನ ಬೆಲೆಗೇ ಸೇರಿಸಿಕೊಳ್ಳಬೇಕು.

ಸ್ವಂತ ಫ್ಲಾಟಿಗೆ ಬಂದಾಗ 15 ಲೀಟರಿನ ಸ್ಟೋರೇಜ್ ಗೀಸರ್ ಹಾಕಿಸಿದೆ. 2005ರ ನಂತರದ ಲೋಡ್ ಶೆಡ್ಡಿಂಗ್ ವರ್ಷಗಳಲ್ಲಿ ಅದರ ಬೆಲೆ ತಿಳಿಯಿತು. ಕರೆಂಟು ಹೋಗುವ ಮೊದಲೇ ಕಾಯಿಸಿಟ್ಟರೆ ನೀರು ಬಿಸಿಯಾಗಿಯೇ ಇರುತ್ತಿತ್ತು. ಈಗ ಪೈಪಿನ ಗ್ಯಾಸ್ ಬಂದಿದೆ, ಗ್ಯಾಸ್ ಗೀಸರ್ ಅಗ್ಗ ಅನ್ನುವವರಿದ್ದಾರೆ. ಗಾಳಿಯಾಡದ ಸಣ್ಣ ಬಚ್ಚಲಲ್ಲಿ ಅದರ ವಿಷಗಾಳಿ ಪ್ರಾಣಕ್ಕೇ ಎರವಾಗುತ್ತದೆ. ಅದೂ ಕಣ್ಣಿಗೆ ಕಾಣದ್ದೇ.

ಅಮ್ಮ ಈಗಿಲ್ಲ. ಅವಳು ಇರುವ ತನಕ ನಮ್ಮಲ್ಲಿಗೆ ಬಂದಾಗಲೆಲ್ಲ, ಸ್ನಾನಕ್ಕೆ ಹೋಗುವ ಮೊದಲು ಬಚ್ಚಲ ಬಾಗಿಲಲ್ಲಿ ನಿಂತು "ಸ್ವಿಚ್ಚು ತೆಗ್ದ್ಯನೋ?" ಎಂದು ಕೇಳುತ್ತಿದ್ದಳು. ಈಗ ಆ ಪ್ರಶ್ನೆಯನ್ನು ಮೊಮ್ಮಗಳು ನನಗೆ ಕೇಳುತ್ತಾಳೆ.