ಸ್ತೋತ್ರಕ್ಕೆ ಏನೂ ಇಲ್ರೀ

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಸಾಕ್ಷಿ ಹೇಳುವವರ ಹೆಸರನ್ನು ಹೆಂಗಸೊಬ್ಬರು ಬರೆದುಕೊಳ್ಳುತ್ತಿದ್ದರು. ಧಾರವಾಡದ ಕಡೆಯ ಒಂದು ಚರ್ಚಿನ ಅಂಗಳ. ಕೆಲಸ ಕಳೆದುಕೊಂಡು ಊರಿಗೆ ಮರಳಿದ ಹುಡುಗನೊಬ್ಬ ಅಂದ: ‘ಈ ವರ್ಷ ಸ್ತೋತ್ರಕ್ಕೆ ಏನೂ ಇಲ್ರೀ ಆಂಟಿ.’ ಆಕೆ ಪೆನ್ನು ಎತ್ತದೆಯೇ ಕೇಳಿದರು: ‘ಸ್ತೋತ್ರ ಅಂದ್ರ ಏನು ಪಗಾರ ಚೀಟಿ ಏನೋ ತಮ್ಮಾ?’

ಆ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಸ್ತೋತ್ರ ಎಂದರೆ ಕನ್ನಡಿಗರಲ್ಲಿ ಬಹುಪಾಲಿನವರಿಗೆ ಸಹಸ್ರನಾಮ, ಅಷ್ಟೋತ್ತರ, ಬೆಳಗಿನ ರೇಡಿಯೋ. ಅದರ ಮೂಲವನ್ನು ನಿಘಂಟು ಹೇಳುತ್ತದೆ, ನಾನು ಹೇಳುವುದಿಲ್ಲ. ನನ್ನ ಆಸಕ್ತಿ ಕ್ರೈಸ್ತರ ಮನೆಯಲ್ಲಿ ಆ ಪದಕ್ಕೆ ಬಂದ ಇನ್ನೊಂದು ಬಾಳುವೆಯಲ್ಲಿ. ಅಲ್ಲಿ ಅದು ನಮಸ್ಕಾರ. ಪಾದ್ರಿಗೆ ‘ಸ್ತೋತ್ರ ಅಯ್ಯನವರೇ’ ಎಂದರೆ ಮಾತು ಶುರುವಾಯಿತು. ಅದೇ ಕೃತಜ್ಞತೆ, ಅದೇ ಕಾಣಿಕೆ. ಜ್ವರ ಇಳಿದರೂ ಸ್ತೋತ್ರ, ಬಸ್ಸು ಸಿಕ್ಕರೂ ಸ್ತೋತ್ರ.

ಈ ಬದಲಾವಣೆ ಆದದ್ದು ಒಂದು ವಿಭಕ್ತಿಯಿಂದ ಎಂಬುದು ನನ್ನ ವಾದ. ಉಳಿದವರು ‘ದೇವರ ಸ್ತೋತ್ರ’ ಎನ್ನುತ್ತಾರೆ, ಷಷ್ಠಿ. ನಮ್ಮವರು ‘ದೇವರಿಗೆ ಸ್ತೋತ್ರ’ ಎನ್ನುತ್ತಾರೆ, ಚತುರ್ಥಿ. ದೇವರ ಸ್ತೋತ್ರವನ್ನು ಓದಬಹುದು, ಬಾಯಿಪಾಠ ಮಾಡಬಹುದು, ಮುಗಿಸಿ ಪುಸ್ತಕ ಮುಚ್ಚಿಡಬಹುದು. ದೇವರಿಗೆ ಎಂದ ಕೂಡಲೇ ಅದು ಸಲ್ಲಬೇಕಾದ ವಸ್ತುವಾಯಿತು. ಕೊಡುವವನ ಕೈ, ಪಡೆಯುವವನ ಕೈ ಎರಡೂ ಆ ಪುಟ್ಟ ‘ಗೆ’ಯಲ್ಲಿವೆ. ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಮುಂದೆ ಅವರಲ್ಲಿ ಕಿಟ್ಟೆಲ್ ಅಂಥವರು 1894ರ ನಿಘಂಟಿಗಾಗಿ ಪದಗಳ ಬೆನ್ನು ಹತ್ತಿದರು. ಆದರೆ ಈ ‘ಗೆ’ಗೆ ಪ್ರಾಣ ತುಂಬಿದವರು ಪಂಡಿತರಲ್ಲ, ಸಂಜೆ ಪ್ರಾರ್ಥನೆಯಲ್ಲಿ ಮಂಡಿಯೂರಿದ ಅಜ್ಜಿಯಂದಿರು ಎಂದೇ ನಾನು ನಂಬಿದ್ದೇನೆ.

ಈಗ ‘ಪ್ರೈಸ್ ದ ಲಾರ್ಡ್’ ಬಂದಿದೆ. ಮೊಬೈಲಿನಲ್ಲಿ ಜೋಡಿಸಿದ ಎರಡು ಕೈಗಳ ಚಿತ್ರ ಬಂದಿದೆ. ‘ಧನ್ಯವಾದಗಳು’ ಎಂಬ ಬಹುವಚನ, ಬ್ಯಾಂಕಿನ ಯಂತ್ರವೂ ಹೇಳುವಂಥದ್ದು, ದೇವಾಲಯದ ಮೈಕಿಗೂ ಬಂದಿದೆ. ಒಳ್ಳೆಯ ಪದವೊಂದು ಮನೆಯಲ್ಲೇ ಇರುವಾಗ ಇದೆಲ್ಲ ಯಾಕೆ ಎಂದು ನನಗೆ ಬೇಸರವಾಗುತ್ತದೆ.

ಹಳೆಯ ಕನ್ನಡ ಮಾತಿನಲ್ಲಿ ಥ್ಯಾಂಕ್ಸ್ ಎನ್ನುವುದಕ್ಕೆ ಒಂದು ಪದ ಬೇಕೆನಿಸಿರಲಿಲ್ಲ. ‘ನಿಮ್ಮ ಹೊಟ್ಟೆ ತಣ್ಣಗಿರಲಿ’ ಎಂದರೆ ಸಾಕಿತ್ತು. ಕೃತಜ್ಞತೆಯ ಮಾತು ಕಡಿಮೆ, ಕೃತಘ್ನತೆಯ ಗಾದೆ ಜಾಸ್ತಿ. ಅದರಲ್ಲೊಂದು, ಉಂಡ ಮನೆಯ ಜಂತೆ ಎಣಿಸಬಾರದು. ಯಾಕೆ ಜಂತೆ? ಬಾಗಿಲು ಎಣಿಸಬಹುದಿತ್ತು, ಪಾತ್ರೆ ಎಣಿಸಬಹುದಿತ್ತು. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಯಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತೆ, ಅದರ ಮೇಲೆ ಹಲಗೆ, ಮಣ್ಣು. ಮನೆಯ ಅಳತೆ ಅಂಕಣದಲ್ಲಿ. ಉಂಡವನು ಒಂದು ಗಳಿಗೆ ಅಡ್ಡಾಗುತ್ತಾನೆ, ಕಣ್ಣು ಮೇಲೆ ಹೋಗುತ್ತದೆ. ಜಂತೆ ಎಣಿಸಿದರೆ ಅಂಕಣ ತಿಳಿಯಿತು, ಅಂಕಣ ತಿಳಿದರೆ ಯಜಮಾನನ ಆಸ್ತಿ ತಿಳಿಯಿತು, ಅಲ್ಲಿಂದ ‘ಇಷ್ಟಿದ್ದವನು ನನಗೆ ಇಷ್ಟೇ ಬಡಿಸಿದನೇ’ ಎಂಬಲ್ಲಿಗೆ ಒಂದೇ ಹೆಜ್ಜೆ. ಉಂಡ ರೊಟ್ಟಿ ಹೊಟ್ಟೆಯಲ್ಲಿ ಇನ್ನೂ ಬಿಸಿಯಾಗಿರುವಾಗಲೇ ಬಾಯಿಯ ರುಚಿ ಆರಿಹೋಯಿತು. ಮಲಗಿ ಮೇಲೆ ನೋಡುವುದರಲ್ಲಿ ತಪ್ಪಿಲ್ಲ. ಸ್ತೋತ್ರ ಮಾಡುವವನೂ ಮೇಲೆಯೇ ನೋಡುತ್ತಾನೆ. ಒಬ್ಬನ ಕಣ್ಣು ಜಂತೆಗೆ ತಾಗಿ ಅಲ್ಲೇ ನಿಲ್ಲುತ್ತದೆ, ಇನ್ನೊಬ್ಬನದು ನಿಲ್ಲುವುದಿಲ್ಲ. ಗಾದೆ ಮತ್ತು ಸ್ತೋತ್ರ ಒಂದೇ ಚಾಪೆಯ ಮೇಲೆ ಹುಟ್ಟಿದವು ಎಂದು ನನಗೆ ಅನಿಸಿದ್ದು ಹೀಗೆ.

ವರ್ಷದ ಕೊನೆಗೆ ಎಲ್ಲ ಕಡೆ ನಡೆಯುವುದು ಜಂತೆ ಎಣಿಕೆಯೇ. ಕಚೇರಿಗಳಲ್ಲಿ ಅಪ್ರೈಸಲ್, ಪತ್ರಿಕೆಗಳಲ್ಲಿ ಟಾಪ್ ಟೆನ್, ನೆಂಟರ ಗುಂಪಿನಲ್ಲಿ ಯಾರ ಮಗ ಯಾವ ದೇಶಕ್ಕೆ ಹೋದ ಎಂಬ ವರದಿ. ಇಡೀ ವರ್ಷ ಮುದಿ ಅಪ್ಪನ ಕಾಲು ಒತ್ತಿದ ಮಗಳ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಕೆಲಸ ಹೋದ ಆ ಹುಡುಗನಿಗೆ ತನ್ನ ವರ್ಷವೇ ಸೊನ್ನೆ ಎನಿಸಿದ್ದು ಇದೇ ಲೆಕ್ಕದಿಂದ. ಅವನ ಸಂಕಟ ನಿಜ. ಬಾಡಿಗೆ ಕಟ್ಟಬೇಕು, ತಂಗಿಯ ಫೀಜು ಕಟ್ಟಬೇಕು. ಅದನ್ನು ಸ್ತೋತ್ರದಿಂದ ಮುಚ್ಚಿಬಿಡು ಎನ್ನುವ ಬೋಧಕರನ್ನು ನಾನು ಒಪ್ಪುವುದಿಲ್ಲ. ಕೀರ್ತನೆಗಳ ಗ್ರಂಥದಲ್ಲಿ ದೂರು, ಅಳು, ಕೋಪ ಧಾರಾಳವಾಗಿವೆ. ಸ್ತೋತ್ರ ಅವುಗಳ ಪಕ್ಕದಲ್ಲೇ ಕೂತಿದೆ.

ಯೇಸು ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿದ್ದು ಕೂಡ ತನ್ನನ್ನು ಹಿಡಿದುಕೊಟ್ಟ ರಾತ್ರಿಯಲ್ಲಿ. ಅದೇ ಪಂಕ್ತಿಯಲ್ಲಿ ಉಂಡು, ಆತನನ್ನು ಹಿಡಿದುಕೊಡಲಿದ್ದವನು ಜಂತೆ ಎಣಿಸಿ ಎದ್ದುಹೋದ.

2025ರ ಲೋಕವಾರ್ತೆಯಲ್ಲಿ ನನ್ನ ಮನಸ್ಸು ನಿಂತದ್ದು ಗಾಜಾದ ಹೋಲಿ ಫ್ಯಾಮಿಲಿ ಚರ್ಚಿನ ಮೇಲೆ. 2023ರ ಅಕ್ಟೋಬರಿನಲ್ಲಿ ಯುದ್ಧ ಶುರುವಾದ ಮೇಲೆ ಪೋಪ್ ಫ್ರಾನ್ಸಿಸ್ ಹೆಚ್ಚುಕಡಿಮೆ ದಿನವೂ ಸಂಜೆ ಆ ಚರ್ಚಿಗೆ ಫೋನ್ ಮಾಡುತ್ತಿದ್ದರು. ಇವತ್ತು ಏನು ಉಂಡಿರಿ ಎಂದೂ ಕೇಳಿದ್ದುಂಟು. ಪೋಪರ ಬಾಯಲ್ಲಿ ನಮ್ಮ ‘ಊಟ ಆಯ್ತೇನ್ರೀ’! 2025ರ ಈಸ್ಟರ್ ಮರುದಿನ, ಏಪ್ರಿಲ್ 21ರಂದು, ಅವರು ತೀರಿಕೊಂಡರು. ಜುಲೈ 17ರಂದು ಅದೇ ಚರ್ಚಿನ ಮೇಲೆ ದಾಳಿಯಾಗಿ ಆವರಣದಲ್ಲಿ ಆಸರೆ ಪಡೆದಿದ್ದ ಕೆಲವರು ಸತ್ತರು. ಅಲ್ಲಿ ಉಳಿದವರು ಮತ್ತೆ ಬಲಿಪೂಜೆಗೆ ಕೂಡಿದರು. ತಲೆಯ ಮೇಲಿನ ಸೂರೇ ಒಡೆದಲ್ಲೂ ಸ್ತೋತ್ರ ನಿಲ್ಲಲಿಲ್ಲ. ಎರಡು ವರ್ಷ ಕತ್ತಲಾಗಿದ್ದ ಬೆತ್ಲೆಹೇಮಿನ ಕ್ರಿಸ್‌ಮಸ್ ಮರಕ್ಕೆ 2025ರ ಡಿಸೆಂಬರಿನಲ್ಲಿ ಮತ್ತೆ ದೀಪ ಹಚ್ಚಿದರು.

ನಮ್ಮ ಸಭೆಗಳಿಗೆ ಒಂದು ಮಾತು ಹೇಳಬೇಕಾಗಿದೆ. ಸ್ತೋತ್ರ ಕಾಣಿಕೆಯ ಲಕೋಟೆಯ ಮೇಲೆ ಮೊದಲು ಜನ ಕಾರಣ ಬರೆಯುತ್ತಿದ್ದರು, ಅಯ್ಯನವರು ಗಟ್ಟಿಯಾಗಿ ಓದುತ್ತಿದ್ದರು: ಎಮ್ಮೆ ಈದದ್ದಕ್ಕಾಗಿ, ಸೊಸೆಯ ಹೆರಿಗೆ ಸಲೀಸಾದದ್ದಕ್ಕಾಗಿ, ಮುನಿಸಿಕೊಂಡ ಅಣ್ಣ ಮನೆಗೆ ಬಂದದ್ದಕ್ಕಾಗಿ. ಈಗ ಎಲ್ಲದರ ಮೇಲೂ ‘ವಿಶೇಷ ಕಾರಣಕ್ಕಾಗಿ’. ಇದೆಂಥ ಕಾರಣ? ಬೋರ್‌ವೆಲ್ಲಿಗೆ ನೀರು ಬಿದ್ದಿದ್ದರೆ ಬೋರ್‌ವೆಲ್ ಎನ್ನಿ, ಸಾಲ ತೀರಿದ್ದರೆ ಸಾಲ ಎನ್ನಿ, ಅಪ್ಪ ಕುಡಿತ ಬಿಟ್ಟಿದ್ದರೆ ಅದನ್ನೇ ಬರೆಯಿರಿ, ಸಭೆಯೆಲ್ಲ ಕೇಳಿಸಿಕೊಳ್ಳಲಿ.