ಫ್ಲಾಪಿಯಲ್ಲಿ ಬಂದ ಸುಲಿಗೆ

1989ರ ಡಿಸೆಂಬರ್ ತಿಂಗಳು. ಯುರೋಪು, ಆಫ್ರಿಕಗಳ ಎಷ್ಟೋ ವೈದ್ಯರು, ಸಂಶೋಧಕರು, ಕಚೇರಿಯ ಅಧಿಕಾರಿಗಳ ಮೇಜಿಗೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಒಂದು ಫ್ಲಾಪಿ, ಜತೆಗೆ ಒಂದು ಮುದ್ರಿತ ಚೀಟಿ. ಏಡ್ಸ್ ರೋಗದ ಬಗ್ಗೆ ಮಾಹಿತಿ ಇದರಲ್ಲಿದೆ ಎಂದು ಫ್ಲಾಪಿಯ ಮೇಲಿನ ಪಟ್ಟಿ ಹೇಳುತ್ತಿತ್ತು. ಏಡ್ಸ್ ಎಂಬ ಹೆಸರು ಕೇಳಿದರೇ ಜಗತ್ತು ಬೆಚ್ಚುತ್ತಿದ್ದ ಕಾಲ ಅದು. ಅನೇಕರು ಕುತೂಹಲದಿಂದ ಫ್ಲಾಪಿಯನ್ನು ಕಂಪ್ಯೂಟರಿಗೆ ತುರುಕಿದರು. ಅದು ಕೆಲವು ಪ್ರಶ್ನೆ ಕೇಳಿ, ಉತ್ತರ ಪಡೆದು, ರೋಗ ತಗಲುವ ಸಂಭವ ನಿಮಗೆ ಎಷ್ಟಿದೆ ಎಂದು ಲೆಕ್ಕ ಹಾಕಿ ಹೇಳಿತು. ಅಲ್ಲಿಗೆ ಕೆಲಸ ಮುಗಿಯಿತು ಎಂದು ಎಲ್ಲರೂ ತಿಳಿದರು.

ಮುಗಿದಿರಲಿಲ್ಲ. ಆ ಫ್ಲಾಪಿ ಕಂಪ್ಯೂಟರಿನೊಳಗೆ ಒಂದು ಗುಪ್ತ ಎಣಿಕೆಯನ್ನು ಬಿಟ್ಟುಹೋಗಿತ್ತು. ಯಂತ್ರವನ್ನು ಸುಮಾರು 90 ಬಾರಿ ಚಾಲೂ ಮಾಡಿದ ಮೇಲೆ ಆ ಎಣಿಕೆ ತುಂಬುತ್ತಿತ್ತು. ಆಗ ಡಿಸ್ಕಿನಲ್ಲಿದ್ದ ಕಡತಗಳ ಹೆಸರುಗಳೆಲ್ಲ ಅರ್ಥವಿಲ್ಲದ ಅಕ್ಷರಗಳಾಗಿ ಬದಲಾಗಿ ಕಣ್ಮರೆಯಾಗುತ್ತಿದ್ದವು. ಪರದೆಯ ಮೇಲೆ ಒಂದು ಬೇಡಿಕೆ ಮೂಡುತ್ತಿತ್ತು: ತಂತ್ರಾಂಶದ ಬಾಡಿಗೆ 189 ಡಾಲರ್ ಬಾಕಿ ಇದೆ, ಪನಾಮ ದೇಶದ ಇಂಥ ಅಂಚೆಪೆಟ್ಟಿಗೆಗೆ ಕಳುಹಿಸಿ.

ಇಂದು 'ರ‍್ಯಾನ್ಸಮ್‌ವೇರ್' ಎಂದು ಕರೆಯುವ ಪೀಡೆಯ ಮೊದಲ ಪ್ರಸಿದ್ಧ ಅವತಾರ ಇದು. ಮನುಷ್ಯರನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವುದು ಹಳೆಯ ವಿದ್ಯೆ. ಕಡತಗಳನ್ನು ಒತ್ತೆಯಿಟ್ಟುಕೊಂಡು ಕೇಳುವುದು ಇದು. ಸುಮಾರು 20,000 ಫ್ಲಾಪಿಗಳನ್ನು ಲಂಡನ್ನಿನಿಂದ ಅಂಚೆಗೆ ಹಾಕಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಏಡ್ಸ್ ಸಮ್ಮೇಳನಕ್ಕೆ ಬಂದವರು ಮತ್ತು ಒಂದು ಕಂಪ್ಯೂಟರ್ ಪತ್ರಿಕೆಯ ಚಂದಾದಾರರು ಇವರ ಗುರಿಯಾಗಿದ್ದರು. ಆರೋಪಿಯಾಗಿ ಸಿಕ್ಕಿಬಿದ್ದವನು ಕಂಪ್ಯೂಟರ್ ಪಂಡಿತನಲ್ಲ. ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದು ಬಬೂನ್ ಕೋತಿಗಳನ್ನು ಅಭ್ಯಸಿಸಿದ್ದ ಜೋಸೆಫ್ ಪಾಪ್ ಎಂಬ ಜೀವವಿಜ್ಞಾನಿ. 1990ರಲ್ಲಿ ಅಮೆರಿಕದ ಒಹಾಯೋದಲ್ಲಿ ಅವನ ಬಂಧನವಾಯಿತು. ಬ್ರಿಟನ್ನಿಗೆ ಒಪ್ಪಿಸಿದ ಮೇಲೆ, 1991ರಲ್ಲಿ, ವಿಚಾರಣೆ ಎದುರಿಸುವ ಮಾನಸಿಕ ಸ್ಥಿತಿಯಲ್ಲಿ ಇಲ್ಲವೆಂದು ನ್ಯಾಯಾಲಯ ಅವನನ್ನು ಬಿಟ್ಟಿತು.

ಈ ಕತೆಯ ನಿಜವಾದ ಪಾಠ ಇರುವುದು ಅಪರಾಧಿಯಲ್ಲಲ್ಲ, ತೊಂದರೆಗೆ ಒಳಗಾದವರಲ್ಲಿ. ಪಾಪ್‌ನ ಬೀಗ ಬಹಳ ದುರ್ಬಲವಾಗಿತ್ತು. ಅದು ಹೆಸರುಗಳನ್ನು ಮಾತ್ರ ಕೆಡಿಸಿತ್ತು. ಕಡತಗಳ ಒಳಗಿನ ಒಂದು ಅಕ್ಷರವನ್ನೂ ಮುಟ್ಟಿರಲಿಲ್ಲ. ಬ್ರಿಟನ್ನಿನ ಜಿಮ್ ಬೇಟ್ಸ್ ಎಂಬ ತಜ್ಞರು ಅದನ್ನು ಬಿಡಿಸಿ ನೋಡಿದರು. ಬೀಗದಕೈ ಬೀಗದೊಳಗೇ ಇತ್ತು! ಹೆಸರುಗಳನ್ನು ಹಿಂದಿರುಗಿಸುವ ತಂತ್ರಾಂಶವನ್ನು ಅವರು ಬರೆದು ಹಂಚಿದರು. ತಾಳ್ಮೆಯಿಂದ ಕಾದವರಿಗೆ ಎಲ್ಲವೂ ಮರಳಿ ಸಿಕ್ಕಿತು. ಆದರೆ ಸುದ್ದಿ ಕೇಳಿದೊಡನೆ ಹೆದರಿ ಇಡೀ ಡಿಸ್ಕನ್ನು ಒರೆಸಿಹಾಕಿದವರೂ ಇದ್ದರು. ಇಟಲಿಯ ಒಂದು ಏಡ್ಸ್ ಸಂಸ್ಥೆ ಹೀಗೆ ಹತ್ತು ವರ್ಷಗಳ ಕೆಲಸವನ್ನು ಕಳೆದುಕೊಂಡಿತೆಂಬ ವರದಿಯಿದೆ. ಅದನ್ನು ನಾಶ ಮಾಡಿದ್ದು ಆ ಫ್ಲಾಪಿಯಲ್ಲ, ಗಾಬರಿ.

ಸುಲಿಗೆಕೋರರೂ ಸುಮ್ಮನೆ ಕೂರಲಿಲ್ಲ. ಅವರ ಮುಂದೆ ಎರಡು ತೊಡಕುಗಳಿದ್ದವು: ಬೀಗದಕೈಯನ್ನು ಬೀಗದಿಂದ ಬೇರೆ ಮಾಡುವುದು, ಸಿಕ್ಕಿಬೀಳದೆ ಹಣ ಪಡೆಯುವುದು. ಮೊದಲನೆಯದಕ್ಕೆ ಹಾದಿ ಇದೆಯೆಂದು 1996ರಲ್ಲಿ ಆಡಮ್ ಯಂಗ್ ಮತ್ತು ಮೋಟಿ ಯುಂಗ್ ಎಂಬ ವಿದ್ವಾಂಸರು ಎಚ್ಚರಿಕೆಯ ಲೇಖನವೊಂದರಲ್ಲಿ ತೋರಿಸಿಕೊಟ್ಟಿದ್ದರು. ಒತ್ತಿದರೆ ತಾನಾಗಿ ಬಿದ್ದುಕೊಳ್ಳುವ ಬೀಗವನ್ನು ನೆನಪಿಸಿಕೊಳ್ಳಿ. ಹಾಕುವುದಕ್ಕೆ ಬೀಗದಕೈ ಬೇಡ, ತೆಗೆಯುವುದಕ್ಕೆ ಮಾತ್ರ ಬೇಕು. ಅದೇ ರೀತಿ ಬೀಗ ನಮ್ಮ ಯಂತ್ರಕ್ಕೆ ಬಂದು ಬೀಳುತ್ತದೆ. ಬೀಗದಕೈ ದೂರದಲ್ಲಿರುವ ಅಪರಾಧಿಯ ಕೈಯಲ್ಲೇ ಉಳಿಯುತ್ತದೆ. ಎರಡನೆಯ ತೊಡಕನ್ನು ಬಿಟ್‌ಕಾಯಿನ್ ಎಂಬ ಅಂತರಜಾಲದ ಹಣ ಸುಲಭ ಮಾಡಿತು. 2013ರಲ್ಲಿ ಬಂದ 'ಕ್ರಿಪ್ಟೋಲಾಕರ್' ಈ ಎರಡನ್ನೂ ಒಂದುಗೂಡಿಸಿತು. ಪನಾಮದ ಅಂಚೆಪೆಟ್ಟಿಗೆಯ ಅಗತ್ಯವೇ ಉಳಿಯಲಿಲ್ಲ. ಹಣ ಕಟ್ಟಲು 72 ಗಂಟೆಗಳ ಗಡುವು, ಪರದೆಯ ಮೇಲೆ ಓಡುವ ಗಡಿಯಾರ. ಆ ಗಡಿಯಾರವಿದ್ದುದೇ ಹೆದರಿಸುವುದಕ್ಕೆ.

ಆಗಲೂ ಹಳೆಯ ಕತೆಯೇ ಮರುಕಳಿಸಿತು. 2014ರಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಆ ಜಾಲವನ್ನು ಮುರಿದರು. ಅಪರಾಧಿಗಳ ಬಳಿಯಿದ್ದ ಬೀಗದಕೈಗಳು ಸಿಕ್ಕಿ, ಕೆಲವೇ ತಿಂಗಳಲ್ಲಿ ಉಚಿತವಾಗಿ ದೊರೆಯುವಂತಾದವು. ಬೀಗ ಬಿದ್ದ ಕಡತಗಳನ್ನು ನಿರುಪಯೋಗಿ ಎಂದು ಎಸೆಯದೆ ಹಾಗೆಯೇ ಇಟ್ಟುಕೊಂಡಿದ್ದ ಹಲವರಿಗೆ ಅವು ಮರಳಿ ಸಿಕ್ಕಿದವು. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಹಿಡಿಯಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳುಹಿಸಬೇಕಾಯಿತು. ಅದು ನುಸುಳಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಕೊಟ್ಟಿತ್ತು. ಹಾಕಿಕೊಳ್ಳದವರೇ ಹೆಚ್ಚಾಗಿ ಸಿಕ್ಕಿಬಿದ್ದರು. ಗಾಬರಿಯಿಂದ ಯಂತ್ರವನ್ನು ಆರಿಸದಿದ್ದ ಕೆಲವರಿಗೆ, ಯಂತ್ರದ ಸ್ಮೃತಿಯಲ್ಲಿ ಉಳಿದಿದ್ದ ಸುಳಿವಿನಿಂದಲೇ ಬೀಗ ತೆಗೆಯಲು ಸಾಧ್ಯವಾಯಿತು.

ನಮ್ಮ ದೇಶಕ್ಕೂ ಈ ಪೀಡೆ ಹೊಸದಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳಿಗೆ ಬೀಗ ಬಿತ್ತು. ಎಷ್ಟೋ ದಿನ ಚೀಟಿ, ದಾಖಲೆ ಎಲ್ಲವನ್ನೂ ಕೈಯಲ್ಲೇ ಬರೆದರು. ಕೊನೆಗೆ ಕಾಪಾಡಿದ್ದು, ದಾಳಿಗೆ ಸಿಗದೆ ಬೇರೆಡೆ ಉಳಿದಿದ್ದ ಇನ್ನೊಂದು ಪ್ರತಿ.

ಮನೆಯ ಕಂಪ್ಯೂಟರಿಗೆ ಈ ಗತಿ ಬಂದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಈ ಇತಿಹಾಸವೇ ಉತ್ತರ ಹೇಳುತ್ತದೆ. ಮೊದಲು ಅಂತರಜಾಲದ ಸಂಪರ್ಕವನ್ನು ಕಿತ್ತುಹಾಕಿ. ಹೊರಗಿನಿಂದ ಜೋಡಿಸಿದ ಡಿಸ್ಕುಗಳನ್ನು ಬಿಡಿಸಿ. ಪರದೆಯ ಮೇಲಿನ ಬೇಡಿಕೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಏನನ್ನೂ ಅಳಿಸಬೇಡಿ. ಹಣ ಕೊಟ್ಟರೂ ಬೀಗದಕೈ ಬಂದೇ ಬರುತ್ತದೆಂಬ ಭರವಸೆ ಇಲ್ಲ. ಬದಲಿಗೆ, ಬೇರೊಂದು ಯಂತ್ರದಿಂದ 'ನೋ ಮೋರ್ ರ‍್ಯಾನ್ಸಮ್' ತಾಣವನ್ನು ನೋಡಿ. ನೆದರ್ಲೆಂಡ್ಸಿನ ಪೊಲೀಸರು, ಯೂರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು 2016ರಲ್ಲಿ ಆರಂಭಿಸಿದ ಈ ತಾಣದಲ್ಲಿ ಅನೇಕ ಬೀಗಗಳಿಗೆ ಉಚಿತ ಬೀಗದಕೈಗಳಿವೆ. ನಮ್ಮಲ್ಲಿ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬಹುದು. ಇಂದು ಬೀಗದಕೈ ಸಿಗದಿದ್ದರೆ ಬೀಗ ಬಿದ್ದ ಕಡತಗಳನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿಟ್ಟು, ಆಮೇಲೆ ಯಂತ್ರವನ್ನು ಶುದ್ಧ ಮಾಡಿಸಿ ತಂತ್ರಾಂಶವನ್ನು ಹೊಸದಾಗಿ ಹಾಕಿಸಿ.

ಆದರೆ ಎಲ್ಲಕ್ಕಿಂತ ಅಗ್ಗದ ಔಷಧ ರೋಗ ಬರುವ ಮೊದಲಿನದು. ಮಗಳ ಮದುವೆಯ ಚಿತ್ರಗಳು, ಮನೆಯ ಲೆಕ್ಕಪತ್ರ, ವರ್ಷಗಟ್ಟಲೆ ಬರೆದಿಟ್ಟ ಬರಹ, ಇವುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಪ್ರತಿ ತೆಗೆದ ಮೇಲೆ ಆ ಡಿಸ್ಕನ್ನು ಯಂತ್ರಕ್ಕೆ ಅಂಟಿಸಿಯೇ ಬಿಡದೆ ಕಪಾಟಿನಲ್ಲಿಡಿ. ಜೋಡಿಸಿಯೇ ಇದ್ದರೆ ಅದಕ್ಕೂ ಬೀಗ ಬೀಳುತ್ತದೆ. ಬೆಳ್ಳಿ ಬಂಗಾರವನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಇಡಬಾರದೆಂಬುದು ನಮ್ಮ ಅಜ್ಜಿಯರಿಗೂ ತಿಳಿದಿದ್ದ ಲೆಕ್ಕ. ಇನ್ನೊಂದು ಪ್ರತಿ ಕಪಾಟಿನಲ್ಲಿರುವ ಮನೆಯಲ್ಲಿ ಸುಲಿಗೆಕೋರನ ಗಡಿಯಾರ ಎಷ್ಟು ವೇಗವಾಗಿ ಓಡಿದರೂ ಯಾರ ಎದೆಯೂ ಹೊಡೆದುಕೊಳ್ಳುವುದಿಲ್ಲ.