ಕವಡೆ ಕಾಸೆಂಬ ನುಡಿಯ ವಿಚಾರ

"ಕವಡೆ ಕಾಸಿನ ಬೆಲೆಯೂ ಇಲ್ಲ" ಎಂಬ ಮಾತು ಕುಂಸಿಯ ಸೀಮೆಯಲ್ಲಿಯೂ ಕನ್ನಡನಾಡಿನ ಇತರ ಕಡೆಗಳಲ್ಲಿಯೂ ಆಬಾಲವೃದ್ಧರ ಬಾಯಲ್ಲಿರುವುದು. ಆಡುವವರು ಕವಡೆಯನ್ನು ಏನೂ ಅಲ್ಲದ ವಸ್ತುವೆಂದೇ ಭಾವಿಸಿರುವರು. ಬಡವನನ್ನು ಹೀಯಾಳಿಸುವುದಕ್ಕೂ ಈ ನುಡಿಯೇ ಒದಗುವುದು. ಮೂಲವನ್ನು ವಿಚಾರಿಸಿದರೆ ಅರ್ಥವು ಬೇರೆಯಾಗಿ ತೋರುವುದು.

ಕವಡೆಯು ಒಂದು ಕಾಲದಲ್ಲಿ ನಿಜವಾದ ನಾಣ್ಯವೇ ಆಗಿತ್ತು. ಮಾಲ್ದೀವಿನ ಕಡಲಿನಲ್ಲಿ ದೊರೆಯುವ ಈ ಚಿಪ್ಪನ್ನು ಅಲ್ಲಿಯ ಜನರು ಕುಳಿಗಳಲ್ಲಿಟ್ಟು, ಒಳಗಿನ ಮಾಂಸವು ಕೊಳೆತುಹೋದ ಬಳಿಕ ಬಂಗಾಳಕ್ಕೆ ಕಳುಹಿಸಿ ಅಕ್ಕಿಯನ್ನು ತರಿಸಿಕೊಳ್ಳುತ್ತಿದ್ದರೆಂದು 14ನೆಯ ಶತಮಾನದ ಪ್ರವಾಸಿಯಾದ ಇಬ್ನ್ ಬತೂತನು ಬರೆದಿರುವನು. ಬಂಗಾಳದಲ್ಲಿ ನಾಲ್ಕು ಕವಡೆಗೆ ಒಂದು ಗಂಡ, ಇಪ್ಪತ್ತು ಗಂಡಕ್ಕೆ ಒಂದು ಪಣ ಎಂಬ ಲೆಕ್ಕವಿದ್ದು, ರೂಪಾಯಿಗೆ 5120 ಕವಡೆಗಳೆಂಬ ಎಣಿಕೆಯು ರೂಢಿಯಲ್ಲಿತ್ತು. ಕವಡೆಗೆ ತುಕ್ಕು ಹಿಡಿಯದು. ಖೋಟಾ ಮಾಡುವುದೂ ಸುಲಭವಲ್ಲ. ಚಿಟಿಕೆ ಉಪ್ಪು, ಹಿಡಿ ಸೊಪ್ಪು ಕೊಳ್ಳುವವನಿಗೆ ಇದಕ್ಕಿಂತ ಅನುಕೂಲವಾದ ಹಣ ಯಾವುದು?

ನಮ್ಮ ಮಲೆನಾಡಿನಲ್ಲಿ ಇಕ್ಕೇರಿಯ ಅರಸರ ಚಿನ್ನದ ವರಹವು ಪ್ರಸಿದ್ಧವಾಗಿತ್ತು. ಅದರ ಒಂದು ಮುಖದಲ್ಲಿ ಶಿವಪಾರ್ವತಿಯರು, ಇನ್ನೊಂದರಲ್ಲಿ 'ಶ್ರೀ ಸದಾಶಿವ' ಎಂಬ ನಾಗರೀ ಬರಹ. 1763ರಲ್ಲಿ ಬಿದನೂರನ್ನು ಗೆದ್ದ ಹೈದರನೂ ತನ್ನ ವರಹದಲ್ಲಿ ಆ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡನು. ನಾಣ್ಯದ ಮೇಲಣ ಜನರ ನಂಬುಗೆಯು ಅಷ್ಟು ಬಲವಾದುದು! ಆದರೆ ವರಹವು ಅರಮನೆಯ ಹಾಗೂ ಸಾಹುಕಾರರ ಹಣ. ದಿನಗೂಲಿಯವನ ಗಂಟಿನಲ್ಲಿ ಅದು ಎಲ್ಲಿಂದ ಬಂದೀತು? ವರಹವು ಲೆಕ್ಕದ ಮೇಲ್ತುದಿಯಾದರೆ ಕವಡೆಯು ಕೆಳತುದಿ. ಆದುದರಿಂದ ಮೇಲಣ ನುಡಿಗೆ "ಎಲ್ಲಕ್ಕಿಂತ ಕಿರಿದಾದ ಬೆಲೆಯೂ ಇಲ್ಲ" ಎಂದಷ್ಟೇ ಅರ್ಥ. ಇಲ್ಲವೆನ್ನುವುದು 'ಇಲ್ಲ' ಎಂಬ ಪದವೇ ಹೊರತು ಕವಡೆಯಲ್ಲ. ಕವಡೆಯು ಶೂನ್ಯವಲ್ಲ, ಎಣಿಕೆಯ ಮೊದಲ ಮೆಟ್ಟಿಲು.

ಇನ್ನೊಂದು ಮಾತು. ಕವಡೆಗೆ ಸಂಸ್ಕೃತದಲ್ಲಿ ಕಪರ್ದವೆಂದು ಹೆಸರು; ಕವಡೆಯಂತೆ ಸುರುಳಿಗೊಂಡ ಜಟೆಗೂ ಅದೇ ಹೆಸರು. ಜಟಾಧಾರಿಯಾದ ಪರಶಿವನು ಕಪರ್ದಿಯೆನಿಸಿದುದು ಇದರಿಂದಲೇ. ಬಡವನ ಹಣದ ಹೆಸರೂ ಸ್ವಾಮಿಯ ಜಟೆಯ ಹೆಸರೂ ಒಂದೇ ಎಂಬುದನ್ನು ಹೀಯಾಳಿಸುವವರು ಬಲ್ಲರೋ ಇಲ್ಲವೋ!

ಕಾಸಿನ ಗತಿಯೂ ಇಂತಹುದೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳಲ್ಲಿ 'ಮಯಿಲಿ ಕಾಸು' ಎಂಬ ಕನ್ನಡ ಬರಹವಿದ್ದಿತು. ಮುಂದೆ ಆಣೆಗೆ 12ರಂತೆ ರೂಪಾಯಿಗೆ 192 ಕಾಸುಗಳ ಲೆಕ್ಕವು ನಡೆದು, 1957ರ ಏಪ್ರಿಲ್ 1ರಿಂದ ದಶಮಾಂಶ ಪದ್ಧತಿ ಬಂದ ಮೇಲೆ ನಿಂತುಹೋಯಿತು. ಈಗ ಕಾಸು ಮಾತಿನಲ್ಲಿ ಮಾತ್ರ ಉಂಟು; ಕವಡೆಯಾದರೋ ಗೊರವಯ್ಯನ ಕೊರಳಿನಲ್ಲಿಯೂ, ಎತ್ತಿನ ಶೃಂಗಾರದಲ್ಲಿಯೂ, ಜಗಲಿಯ ಚೌಕಾಬಾರದಲ್ಲಿಯೂ ಇನ್ನೂ ಕಾಣಸಿಗುವುದು.